ಚೆಂಡು ಬಾರದ ಕಡೆಗೂ ಓಡುತ್ತಿದ್ದವನು

2015ರ ಆಗಸ್ಟ್ 23, ಪಿಟ್ಸ್‌ಬರ್ಗ್. ಅಮೆರಿಕನ್ ಫುಟ್‌ಬಾಲ್ ಋತು ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯ, ಗೆದ್ದರೂ ಸೋತರೂ ಅಂಕಪಟ್ಟಿಗೆ ಸೇರದ್ದು. ಗ್ರೀನ್ ಬೇ ಪ್ಯಾಕರ್ಸ್ ತಂಡದ ಕೈಗೆ ಮೊದಲ ಸಲ ಚೆಂಡು ಬಂದಾಗಲೇ ಚೆಂಡು ಎಸೆಯುವ ಆಟಗಾರ, ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಒಂದು ಸಣ್ಣ ಪಾಸ್ ಕೊಟ್ಟ. ಜೋರ್ಡಿ ನೆಲ್ಸನ್ ಹಿಡಿದ. ಎಂಟು ಗಜ. ಹಿಡಿದು ಮುಂದಕ್ಕೆ ತಿರುಗುವಾಗ ಬಲಗಾಲು ಹುಲ್ಲಿಗೆ ಕಚ್ಚಿಕೊಂಡಿತು. ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಯಾರೂ ಅವನನ್ನು ಮುಟ್ಟಿರಲಿಲ್ಲ. ಹರಿದದ್ದು ಎಸಿಎಲ್, ಮೊಣಕಾಲಿನ ಒಳಗೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಲಿಗಮೆಂಟ್. ಕಬಡ್ಡಿ ಆಡುವ ನಮ್ಮ ಹುಡುಗರಿಗೂ ಇದರ ಹೆಸರು ಚೆನ್ನಾಗಿ ಗೊತ್ತು. ರೈಡ್‌ಗೆ ಹೋದವನು ತಟ್ಟನೆ ವಾಪಸ್ ತಿರುಗುವಾಗ ಪಾದ ಮ್ಯಾಟ್‌ಗೆ ಅಂಟಿ, ಮೊಣಕಾಲು ಒಳಕ್ಕೆ ಮಡಿಸಿಕೊಂಡು ಹೋಗುವುದೂ ಹೀಗೆಯೇ. ಶಸ್ತ್ರಚಿಕಿತ್ಸೆ ಮಾಡಿ ಬೇರೆ ಕಡೆಯ ಸ್ನಾಯುರಜ್ಜು ತಂದು ಕಸಿ ಮಾಡಿದ ಮೇಲೆ ಮೈದಾನಕ್ಕೆ ಮರಳಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಅಲ್ಲಿಗೆ ನೆಲ್ಸನ್‌ನ ಇಡೀ ಋತು ಮುಗಿಯಿತು.

ಹಿಂದಿನ ವರ್ಷ ಅವನು ಹಿಡಿದದ್ದು 98 ಕ್ಯಾಚ್, 1,519 ಗಜ, 13 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ರಾಜರ್ಸ್ ಆ ವರ್ಷ 38 ಟಚ್‌ಡೌನ್ ಪಾಸ್ ಎಸೆದು, ಬರೀ ಐದು ಪಾಸ್‌ಗಳನ್ನು ಎದುರಾಳಿಯ ಕೈಗೆ ಕೊಟ್ಟು, ಲೀಗಿನ ಶ್ರೇಷ್ಠ ಆಟಗಾರ ಅನ್ನಿಸಿಕೊಂಡಿದ್ದ. ಹಾಗಾಗಿ ನೆಲ್ಸನ್ ಬಿದ್ದ ರಾತ್ರಿಯಿಂದ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಆ 98 ಕ್ಯಾಚ್ ಇನ್ನು ಯಾರು ಹಿಡಿಯುತ್ತಾರೆ?

ಆ ಪ್ರಶ್ನೆಯಿಂದ ಹೊರಟರೆ ದಾರಿ ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕ್ಯಾಚ್‌ಗಳನ್ನು ಹಂಚಿಕೊಡಬಹುದು. ಪ್ಯಾಕರ್ಸ್ ಹಂಚಿಯೂ ಹಂಚಿದರು, ಒಬ್ಬನಿಗೆ 50, ಇನ್ನೊಬ್ಬನಿಗೆ 50, ಮತ್ತೊಬ್ಬನಿಗೆ 58 ಎಂದು. ಹಂಚಲಾಗದೆ ಉಳಿದದ್ದು, ನೆಲ್ಸನ್ ಕಡೆಗೆ ಚೆಂಡು ಬಾರದ ಆಟಗಳಲ್ಲಿ ಅವನು ಮಾಡುತ್ತಿದ್ದ ಕೆಲಸ. ಚೆಂಡು ಕೈಗೆ ಬಂದಾಗಿನಿಂದ ನಿಲ್ಲುವ ತನಕದ್ದು ಒಂದು ಆಟ. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ಹೆಚ್ಚುಕಡಿಮೆ ಅಂಥ ಅರವತ್ತು ಎಪ್ಪತ್ತು ಆಟ ಸಿಗುತ್ತವೆ. ಅದರಲ್ಲಿ ನೆಲ್ಸನ್‌ನ ಹಾಗೆ ಪಾಸ್ ಹಿಡಿಯುವುದೇ ಕಸುಬಾದ ಎಂಥ ದೊಡ್ಡ ರಿಸೀವರ್‌ನ ಕಡೆಗೂ ಚೆಂಡು ಹೋಗುವುದು ಎಂಟು ಹತ್ತು ಸಲ. ಉಳಿದ ಐವತ್ತು ಅರವತ್ತು ಸಲ ಅವನು ಸುಮ್ಮನೆ ಓಡುತ್ತಾನೆ. ಆ ಓಟಕ್ಕೆ ಬೆಲೆ ಇದೆ, ಯಾಕೆಂದರೆ ಅದನ್ನು ಇನ್ನೊಬ್ಬ ನೋಡುತ್ತಿರುತ್ತಾನೆ.

ನೋಡುವವನು ಸೇಫ್ಟಿ. ರಕ್ಷಣಾ ಪಡೆಯ ಕಟ್ಟಕಡೆಯ ಮನುಷ್ಯ, ಚೆಂಡಿನಿಂದ ಹನ್ನೆರಡು ಹದಿನೈದು ಗಜ ಹಿಂದೆ ನಿಂತಿರುತ್ತಾನೆ. ಹೊರಗಿನ ರಿಸೀವರ್ ನೇರವಾಗಿ ಆಳಕ್ಕೆ ಓಡಿ ಐವತ್ತು ಗಜದ ಪಾಸ್ ಹಿಡಿಯಬಲ್ಲ ಎಂಬ ಭಯವಿದ್ದರೆ ಈ ಸೇಫ್ಟಿ ಆಟ ಶುರುವಾಗುವ ಮೊದಲೇ ಆ ಕಡೆಗೆ ಮೂರು ಹೆಜ್ಜೆ ಸರಿದಿರುತ್ತಾನೆ, ಎರಡು ಹೆಜ್ಜೆ ಹಿಂದೆಯೂ ಹೋಗಿರುತ್ತಾನೆ. ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. ಸಿಕ್ಸರ್ ಬಾರಿಸುವವನು ಕ್ರೀಸ್‌ನಲ್ಲಿದ್ದರೆ ಐದು ಜನ ಬೌಂಡರಿ ಗೆರೆಗೆ ಹೋಗಿ ನಿಲ್ಲುತ್ತಾರೆ, ಚೆಂಡನ್ನು ಮೆತ್ತಗೆ ತಟ್ಟಿದರೂ ಒಂದು ರನ್ ಸಿಗುತ್ತದೆ. ಅವನು ಔಟಾಗಿ ಹೋದ ಮೇಲೆ ಫೀಲ್ಡರ್‌ಗಳು ಒಳಗೆ ಬರುತ್ತಾರೆ, ಅದೇ ತಟ್ಟು ಈಗ ಕೈಗೆ ಹೋಗುತ್ತದೆ. ನೆಲ್ಸನ್ ಇಲ್ಲದ ಪ್ಯಾಕರ್ಸ್‌ಗೆ ಆದದ್ದು ಇದು.

ಜಾಗಗಳ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಾಳಿಯ ಕಡೆ ಹನ್ನೊಂದು ಜನ. ಅವರಲ್ಲಿ ಕನಿಷ್ಠ ಏಳು ಮಂದಿ ಚೆಂಡಿನ ಗೆರೆಯ ಮೇಲೆ ನಿಂತಿರಲೇಬೇಕು. ಹೊರಗಿನ ಇಬ್ಬರು ರಿಸೀವರ್‌ಗಳಲ್ಲಿ ಒಬ್ಬ ಗೆರೆಯ ಮೇಲೆಯೇ ನಿಲ್ಲುತ್ತಾನೆ. ಅವನನ್ನು ಎಕ್ಸ್ ಅನ್ನುತ್ತಾರೆ. ಇನ್ನೊಂದು ಬದಿಯಲ್ಲಿ, ಎದುರಾಳಿಯನ್ನು ತಡೆಯುವ, ಪಾಸ್ ಹಿಡಿಯುವ ಎರಡೂ ಕೆಲಸದ ಟೈಟ್ ಎಂಡ್ ಇರುವ ಕಡೆ, ಒಂದು ಗಜ ಹಿಂದೆ ನಿಲ್ಲುವವನು ಝಡ್. ಇವರಿಬ್ಬರಿಗೂ ಒಳಗೆ, ನಡುವೆ ನಿಂತು ಎದುರಾಳಿಗಳನ್ನು ತಡೆಯುವ ಲೈನ್‌ಮನ್‌ಗಳ ಹತ್ತಿರ ನಿಲ್ಲುವವನು ಸ್ಲಾಟ್. ಮೂವರನ್ನೂ ರಿಸೀವರ್ ಎಂದೇ ಕರೆದರೂ ಮೂವರ ಕಸುಬು ಬೇರೆ ಬೇರೆ. ಝಡ್ ಒಂದು ಗಜ ಹಿಂದಿರುವುದರಿಂದ ಆಟ ಶುರುವಾಗುವ ಮುಂಚೆ ಅಡ್ಡಕ್ಕೆ ನಡೆಯಬಹುದು, ಎದುರಾಳಿಯ ಕೈಗೆ ಸಿಗದೆ ಹೊರಡಲು ಅವನಿಗೆ ಜಾಗ ಇರುತ್ತದೆ. ಸ್ಲಾಟ್‌ಗೆ ಎಡಕ್ಕೂ ಬಲಕ್ಕೂ ತಿರುಗುವ ದಾರಿ ಇರುತ್ತದೆ. ಎಕ್ಸ್‌ಗೆ ಇದು ಯಾವುದೂ ಇಲ್ಲ. ಒಂದು ಕಡೆ ಮೈದಾನದ ಅಂಚು, ಎದುರಿಗೆ ಒಂದು ಮಾರು ದೂರದಲ್ಲಿ ಅವನ ಕಾವಲಿಗೆ ನಿಂತ ಕಾರ್ನರ್‌ಬ್ಯಾಕ್. ನಿಯಮದ ಪ್ರಕಾರ ಮೊದಲ ಐದು ಗಜದೊಳಗೆ ಆ ಕಾರ್ನರ್‌ಬ್ಯಾಕ್ ಅವನ ಎದೆಗೆ ಕೈಯಿಟ್ಟು ತಳ್ಳಬಹುದು. ಅದನ್ನೇ ಪ್ರೆಸ್ ಅನ್ನುವುದು.

ಆ ಐದು ಗಜವನ್ನು ಹತ್ತಿರದಿಂದ ನೋಡಬೇಕು. ಸ್ನ್ಯಾಪ್ ಆದ ಕೂಡಲೇ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬಂದು ಆಟ ಶುರುವಾದ ಕೂಡಲೇ, ರಿಸೀವರ್‌ನ ಮೊದಲ ಎರಡು ಹೆಜ್ಜೆ ಸುಳ್ಳು ಹೆಜ್ಜೆ. ಒಳಗೆ ಹೋಗುವವನ ಹಾಗೆ ಭುಜ ಆಡಿಸುತ್ತಾನೆ, ಕಾರ್ನರ್‌ಬ್ಯಾಕ್‌ನ ಸೊಂಟ ಆ ಕಡೆ ತಿರುಗುವುದನ್ನು ಕಾಯುತ್ತಾನೆ. ತಿರುಗಿದ್ದೇ ತಡ, ಹತ್ತಿರದ ಕೈಯಿಂದ ಅವನ ಮುಂಗೈಯನ್ನು ಕೆಳಕ್ಕೆ ಹೊಡೆದು, ದೂರದ ತೋಳನ್ನು ಅವನ ಹೆಗಲ ಮೇಲಿಂದ ಈಜುವ ಹಾಗೆ ದಾಟಿಸಿ ಹೊರಗಿನಿಂದ ನುಗ್ಗುತ್ತಾನೆ. ಇದಕ್ಕೆಲ್ಲ ಸಿಗುವುದು ಅರ್ಧ ಸೆಕೆಂಡ್, ಬಹಳವೆಂದರೆ ಮುಕ್ಕಾಲು. ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಹೊರಡಲು ಒಟ್ಟು ಎರಡೂವರೆ ಸೆಕೆಂಡ್. ಇಲ್ಲಿ ಅರ್ಧ ಸೆಕೆಂಡ್ ತಡವಾದರೆ, ಹನ್ನೆರಡು ಗಜದಲ್ಲಿ ತಿರುಗಬೇಕಾದವನು ಚೆಂಡು ಬರುವ ಹೊತ್ತಿಗೆ ಇನ್ನೂ ಒಂಬತ್ತನೇ ಗಜದಲ್ಲಿ ಓಡುತ್ತಿರುತ್ತಾನೆ. ಚೆಂಡು ಖಾಲಿ ಹುಲ್ಲಿಗೆ ಬೀಳುತ್ತದೆ, ಟಿವಿಯಲ್ಲಿ ನೋಡುವವರಿಗೆ ಕ್ವಾರ್ಟರ್‌ಬ್ಯಾಕ್ ಗುರಿ ತಪ್ಪಿದ ಹಾಗೆ ಕಾಣುತ್ತದೆ. ನೆಲ್ಸನ್ 6 ಅಡಿ 3 ಅಂಗುಲದ ಆಳು, ಕ್ಯಾನ್ಸಸ್‌ನ ರೈತರ ಮನೆಯಲ್ಲಿ ಬೆಳೆದವನು. ಕೈಗಳಲ್ಲಿ ಬಲವಿತ್ತು, ಓಟದಲ್ಲಿ ವೇಗವಿತ್ತು. ಆ ಐದು ಗಜವನ್ನು ದಾಟಲು ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ಇಂಥವನು ಆಗಸ್ಟ್ ಕೊನೆಯ ವಾರದಲ್ಲಿ ಹೋದರೆ ತಂಡದ ಕಚೇರಿಯಲ್ಲಿ ಏನೇನು ಬದಲಾಗುತ್ತದೆ? ಮೊದಲು ಪಟ್ಟಿ. ಲೀಗಿನಲ್ಲಿ ಒಂದು ತಂಡಕ್ಕೆ 53 ಆಟಗಾರರು, ಆಗಿನ ನಿಯಮದಲ್ಲಿ ಪಂದ್ಯದ ದಿನ ಬಟ್ಟೆ ತೊಡುವವರು 46. ಅದರಲ್ಲಿ ರಿಸೀವರ್‌ಗಳು ಐದು, ಹೆಚ್ಚೆಂದರೆ ಆರು. ಗಾಯಾಳುಗಳ ಪಟ್ಟಿಗೆ ಹೋದವನ ಜಾಗ ಖಾಲಿಯಾಗುತ್ತದೆ, ಆದರೆ ಅವನ ಸಂಬಳ ತಂಡದ ಖರ್ಚಿನ ಮಿತಿಯೊಳಗೇ ಉಳಿಯುತ್ತದೆ. 2015ರಲ್ಲಿ ಆ ಮಿತಿ 143.28 ದಶಲಕ್ಷ ಡಾಲರ್. ನೆಲ್ಸನ್‌ಗೆ ಹಿಂದಿನ ವರ್ಷವಷ್ಟೇ ನಾಲ್ಕು ವರ್ಷಕ್ಕೆ ಸುಮಾರು 39 ದಶಲಕ್ಷದ ಒಪ್ಪಂದವಾಗಿತ್ತು. ಸ್ಲಾಟ್‌ನ ರ್‍ಯಾಂಡಲ್ ಕಾಬ್‌ಗೆ ಅದೇ ಮಾರ್ಚ್‌ನಲ್ಲಿ 40 ದಶಲಕ್ಷದ್ದು. ರಿಸೀವರ್‌ಗಳಿಗಾಗಿ ತೆಗೆದಿಟ್ಟ ಹಣ ಅಷ್ಟರಲ್ಲೇ ಮುಗಿದಿತ್ತು. ಹಣ ಇದ್ದರೂ ಆ ಹೊತ್ತಿನಲ್ಲಿ ಕೊಳ್ಳಲು ಏನು ಸಿಗುತ್ತದೆ? ಋತುವಿನ ಹೊಸ್ತಿಲಲ್ಲಿ ಒಳ್ಳೆಯ ರಿಸೀವರ್‌ನನ್ನು ಯಾವ ತಂಡವೂ ಮಾರುವುದಿಲ್ಲ. ಸಿಗುವವರು ಬೇರೆ ತಂಡಗಳು 53ಕ್ಕೆ ಇಳಿಸುವಾಗ ಕೈಬಿಟ್ಟವರು. ಅವರಲ್ಲಿ ನಾಲ್ಕು ಋತು ದಾಟಿದ ಹಳಬರು ಮೊದಲ ಪಂದ್ಯದ ದಿನ ಪಟ್ಟಿಯಲ್ಲಿದ್ದರೆ ಇಡೀ ವರ್ಷದ ಸಂಬಳ ಖಾತ್ರಿ, ಆದ್ದರಿಂದ ಅವರನ್ನು ಸೇರಿಸಿಕೊಳ್ಳುವುದಕ್ಕೂ ತಂಡ ಎರಡು ಸಲ ಯೋಚಿಸುತ್ತದೆ.

ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ತೊಡಕಿದೆ. ನಾಲ್ಕನೇ, ಐದನೇ ರಿಸೀವರ್‌ಗಳು ಪಟ್ಟಿಯಲ್ಲಿರುವುದೇ ಪಂಟ್, ಕಿಕ್‌ಆಫ್‌ಗಳ ಕೆಲಸಕ್ಕಾಗಿ, ಅಂದರೆ ಚೆಂಡನ್ನು ಒದ್ದು ಎದುರಾಳಿಗೆ ಬಿಟ್ಟುಕೊಡುವ ಆಟಗಳಿಗಾಗಿ. ಪಂಟ್ ಆದಾಗ ಅಂಚಿನಿಂದ ಮೊದಲು ಓಡಿಹೋಗಿ ಚೆಂಡು ಹಿಡಿಯುವವನನ್ನು ಬೀಳಿಸುವ ಗನ್ನರ್ ಅವನು, ಕಿಕ್ ಹಿಡಿದು ವಾಪಸ್ ಓಡುವವನೂ ಅವನೇ. ಅವನನ್ನು ಮೂರನೇ ರಿಸೀವರ್ ಮಾಡಿದರೆ ಆ ಕೆಲಸಗಳು ಬೇರೊಬ್ಬನ ತಲೆಗೆ ಹೋಗುತ್ತವೆ. ಒಂದು ಮೊಣಕಾಲು ಹರಿದರೆ ತಂಡದ ನಾಲ್ಕು ಕಡೆ ಜನ ಬದಲಾಗುತ್ತಾರೆ.

ಪ್ಯಾಕರ್ಸ್ ಮುಂದೆ ಮೂರು ದಾರಿ ಇದ್ದವು. ಸ್ಲಾಟ್‌ನಲ್ಲಿರುವ ಕಾಬ್‌ನನ್ನು ಹೊರಗೆ ನಿಲ್ಲಿಸುವುದು ಒಂದು. ಎರಡನೇ ವರ್ಷದ ದಾವಂತೆ ಆಡಮ್ಸ್‌ಗೆ ಬಡ್ತಿ ಕೊಡುವುದು ಎರಡು. ಹೊರಗಿನಿಂದ ಹಳಬನೊಬ್ಬನನ್ನು ತರುವುದು ಮೂರು. ಮೂರನ್ನೂ ಅಷ್ಟಷ್ಟು ಮಾಡಿದರು.

ಕಾಬ್‌ನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಯಾವ ತಂಡವಾದರೂ ಮೊದಲು ಎಡವುವುದು ಇಲ್ಲೇ. 2014ರಲ್ಲಿ ಕಾಬ್ 91 ಕ್ಯಾಚ್, 1,287 ಗಜ, 12 ಟಚ್‌ಡೌನ್ ಮಾಡಿದ್ದ. ಅವನೇ ಈಗ ನಂಬರ್ ಒನ್ ಎಂದು ಎಲ್ಲರೂ ಅಂದುಕೊಂಡರು. ಆದರೆ ಅವನು 5 ಅಡಿ 10 ಅಂಗುಲದವನು. ಸ್ಲಾಟ್‌ನಲ್ಲಿ ಎದುರಿಗಿರುವವನು ಒಳಗೆ ಹೋಗುತ್ತಾನೋ ಹೊರಗೆ ಹೋಗುತ್ತಾನೋ ಎಂದು ಕಾರ್ನರ್‌ಬ್ಯಾಕ್ ಊಹಿಸಬೇಕು. ಕಾಬ್ ಗೆಲ್ಲುತ್ತಿದ್ದದ್ದು ಆ ಊಹೆಯ ಮೇಲೆ, ಮತ್ತೆ ನೆಲ್ಸನ್ ಆಳಕ್ಕೆ ಎಳೆದುಕೊಂಡು ಹೋಗಿದ್ದ ಸೇಫ್ಟಿಯ ಖಾಲಿ ಜಾಗದಲ್ಲಿ. ಹೊರಗೆ ನಿಲ್ಲಿಸಿದರೆ ಊಹೆ ಅರ್ಧಕ್ಕೆ ಇಳಿಯುತ್ತದೆ. ಸ್ಲಾಟ್‌ನಲ್ಲೇ ಬಿಟ್ಟರೆ ಸೇಫ್ಟಿ ಅವನ ಎದುರಿಗೇ ಇರುತ್ತಾನೆ. ಅದೂ ಅಲ್ಲದೆ ನೆಲ್ಸನ್ ಬಿದ್ದ ಮುಂದಿನ ಅಭ್ಯಾಸ ಪಂದ್ಯದಲ್ಲೇ ಕಾಬ್‌ನ ಭುಜಕ್ಕೆ ಪೆಟ್ಟಾಗಿತ್ತು. ವರ್ಷ ಮುಗಿದಾಗ ಅವನ ಲೆಕ್ಕ 79 ಕ್ಯಾಚ್, 829 ಗಜ. ಹನ್ನೆರಡು ಕ್ಯಾಚ್ ಕಡಿಮೆ, ಗಜ ಮಾತ್ರ 458 ಕಡಿಮೆ. ಕೈ ಅದೇ, ಸುತ್ತಲಿನ ಜಾಗ ಕಿರಿದಾಗಿತ್ತು.

ಹಳಬನಾಗಿ ಬಂದವನು ಜೇಮ್ಸ್ ಜೋನ್ಸ್. ಮೊದಲು ಇದೇ ತಂಡದಲ್ಲಿದ್ದು 2012ರಲ್ಲಿ 14 ಟಚ್‌ಡೌನ್ ಹಿಡಿದು ಲೀಗಿಗೇ ಮೊದಲಿಗನಾಗಿದ್ದವನು. ಆಮೇಲೆ ಓಕ್‌ಲ್ಯಾಂಡ್‌ಗೆ ಹೋಗಿದ್ದ, 2015ರ ಸೆಪ್ಟೆಂಬರ್ ಮೊದಲ ವಾರದಲ್ಲಿ ನ್ಯೂಯಾರ್ಕ್ ಜೈಂಟ್ಸ್ ಕೈಬಿಟ್ಟಿತು. ಪ್ಯಾಕರ್ಸ್ ಕೂಡಲೇ ಕರೆದುಕೊಂಡರು. ಇದು ಆ ವರ್ಷದ ಅತ್ಯಂತ ಬುದ್ಧಿವಂತ ನಿರ್ಧಾರ ಎನ್ನುತ್ತೇನೆ, ಕಾರಣ ಅವನ ಕಾಲಲ್ಲಿ ಉಳಿದಿದ್ದ ವೇಗವಂತೂ ಅಲ್ಲ. ಹೊಸಬನಾದರೆ ಪ್ಲೇಬುಕ್, ಅಂದರೆ ತಂಡದ ಆಟಗಳ ಪುಸ್ತಕ, ಕಲಿಯಲು ತಿಂಗಳುಗಳು ಬೇಕು. ರಾಜರ್ಸ್ ಗೆರೆಯ ಬಳಿ ನಿಂತು ಕೈಸನ್ನೆಯಲ್ಲಿ ಆಟ ಬದಲಾಯಿಸುತ್ತಿದ್ದ, ಮೂಗು ಮುಟ್ಟಿದರೆ ಒಂದು, ಹೆಲ್ಮೆಟ್ ಮುಟ್ಟಿದರೆ ಇನ್ನೊಂದು ಎಂಬ ಥರ. ಅದೆಲ್ಲ ಜೋನ್ಸ್‌ಗೆ ಬಾಯಿಪಾಠ. ಮೊದಲ ಪಂದ್ಯದಲ್ಲೇ ಶಿಕಾಗೊ ವಿರುದ್ಧ ಎರಡು ಟಚ್‌ಡೌನ್ ಹಿಡಿದ. ಎರಡನೇ ಪಂದ್ಯದಲ್ಲಿ ಸಿಯಾಟಲ್‌ನವರು ರಾಜರ್ಸ್‌ನ ಕೂಗಿಗೆ ಮೋಸಹೋಗಿ ಮುಂಚೆಯೇ ಗೆರೆ ದಾಟಿದರು. ದಂಡನೆ ಹೇಗೂ ಎದುರಾಳಿಗೆ, ಆ ಆಟದಲ್ಲಿ ಏನು ಎಸೆದರೂ ನಷ್ಟವಿಲ್ಲ. ಅಂಥ ಹೊತ್ತಿನಲ್ಲಿ ಹೇಳಿಕೊಟ್ಟ ದಾರಿ ಬಿಟ್ಟು ನೇರ ಆಳಕ್ಕೆ ಓಡಬೇಕು ಎಂಬುದು ಗ್ರೀನ್ ಬೇಯ ಹಳೆಯ ರೂಢಿ. ಜೋನ್ಸ್ ಓಡಿದ, ಟಚ್‌ಡೌನ್ ಆಯಿತು. ವರ್ಷದ ಕೊನೆಗೆ 50 ಕ್ಯಾಚ್‌ಗೆ 890 ಗಜ, ಅಂದರೆ ಕ್ಯಾಚ್‌ಗೆ 17.8 ಗಜ.

ಪ್ಯಾಕರ್ಸ್ ಮೊದಲ ಆರು ಪಂದ್ಯವನ್ನೂ ಗೆದ್ದರು. ನೆಲ್ಸನ್ ಇಲ್ಲದಿದ್ದರೂ ನಡೆಯುತ್ತದೆ ಎಂದು ಊರೆಲ್ಲ ನಂಬಿತು.

ಯಾಕೆ ನಡೆಯಿತು ಎಂದು ಈಗ ನೋಡಿದರೆ ಅರ್ಥವಾಗುತ್ತದೆ. ಎದುರಾಳಿ ತರಬೇತುದಾರರು ವಾರವಿಡೀ ನೋಡುವುದು ಹಿಂದಿನ ಪಂದ್ಯಗಳ ವಿಡಿಯೊ. ಸೆಪ್ಟೆಂಬರ್‌ನಲ್ಲಿ ಅವರ ಕೈಯಲ್ಲಿದ್ದದ್ದು 2014ರ ಪ್ಯಾಕರ್ಸ್. ಆ ತಂಡಕ್ಕೆ ಹೆದರಿಯೇ ಇಬ್ಬರು ಸೇಫ್ಟಿಗಳನ್ನು ಹಿಂದಿಟ್ಟರು. ಹೊಸ ತಂಡದ ವಿಡಿಯೊ ನಾಲ್ಕೈದು ಪಂದ್ಯದಷ್ಟು ಸೇರುವ ತನಕ, ಇಲ್ಲದ ನೆಲ್ಸನ್‌ಗೂ ಕಾವಲು ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ ರಾಜರ್ಸ್ 35 ಪಾಸ್ ಎಸೆದು 333 ಗಜ, ಐದು ಟಚ್‌ಡೌನ್ ಗಳಿಸಿದ. ನವೆಂಬರ್ 15ರಂದು ಡೆಟ್ರಾಯಿಟ್ ವಿರುದ್ಧ ಗಳಿಸಿದ್ದೂ 333 ಗಜವೇ. ಆದರೆ ಅದಕ್ಕೆ 61 ಪಾಸ್ ಬೇಕಾಯಿತು. ಪಂದ್ಯ 18-16ರಲ್ಲಿ ಸೋತರು, 1991ರ ನಂತರ ಡೆಟ್ರಾಯಿಟ್ ತಂಡ ಪ್ಯಾಕರ್ಸ್‌ನ ತವರಾದ ವಿಸ್ಕಾನ್ಸಿನ್‌ನಲ್ಲಿ ಗೆದ್ದದ್ದು ಅದೇ ಮೊದಲು. ಈ ಎರಡು ಪಂದ್ಯಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ನೆಲ್ಸನ್ ಹೋದದ್ದರ ಅಳತೆ ಸಿಗುತ್ತದೆ.

ನಡುವೆ ಬಂದದ್ದು ಡೆನ್ವರ್. ನವೆಂಬರ್ 1, 29-10ರ ಸೋಲು, ರಾಜರ್ಸ್ ಎಸೆದ 22ರಲ್ಲಿ 14 ಕೈಗೆ ಸಿಕ್ಕವು, ಒಟ್ಟು 77 ಗಜ. ಡೆನ್ವರ್‌ನ ತರಬೇತುದಾರ ವೇಡ್ ಫಿಲಿಪ್ಸ್ ಕಟ್ಟಿದ್ದ ರಕ್ಷಣೆ ಅದು. ಅಕೀಬ್ ತಾಲಿಬ್, ಕ್ರಿಸ್ ಹ್ಯಾರಿಸ್, ಬ್ರಾಡ್ಲಿ ರೋಬಿ ಮೂವರೂ ರಿಸೀವರ್‌ಗಳ ಮೂಗಿಗೆ ಮೂಗು ತಾಗಿಸಿ ನಿಂತರು. ಆ ಐದು ಗಜದಲ್ಲಿ ಪ್ಯಾಕರ್ಸ್‌ನ ಯಾರೂ ಬೇಗ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳುವಷ್ಟರಲ್ಲಿ ಅಂಚುಗಳಿಂದ ವಾನ್ ಮಿಲ್ಲರ್, ಡಿಮಾರ್ಕಸ್ ವೇರ್ ಬಂದು ರಾಜರ್ಸ್‌ನ ಮೈಮೇಲಿರುತ್ತಿದ್ದರು. ಅಂಥ ಕಾರ್ನರ್‌ಬ್ಯಾಕ್‌ಗಳು ಎಲ್ಲ ತಂಡಕ್ಕೂ ಇರುವುದಿಲ್ಲ ನಿಜ. ಆದರೆ ಮಾಡಬೇಕಾದದ್ದು ಏನೆಂದು ಆ ರಾತ್ರಿ ಎಲ್ಲ ತಂಡಗಳಿಗೂ ಗೊತ್ತಾಯಿತು: ಹತ್ತಿರ ನಿಲ್ಲಿ, ಕೈ ಹಾಕಿ, ಒಬ್ಬ ಸೇಫ್ಟಿಯನ್ನು ಧೈರ್ಯವಾಗಿ ಮುಂದೆ ತನ್ನಿ.

ಸೇಫ್ಟಿ ಮುಂದೆ ಬಂದರೆ ಪೆಟ್ಟು ಓಟದ ಆಟಕ್ಕೂ ಬೀಳುತ್ತದೆ. ಐವರು ಲೈನ್‌ಮನ್, ಒಬ್ಬ ಟೈಟ್ ಎಂಡ್, ಒಟ್ಟು ಆರು ಜನ ತಡೆಯಲು. ಎದುರಿಗೆ ಏಳು ಜನ ಇದ್ದರೆ ಉಳಿದ ಒಬ್ಬನನ್ನು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ತಾನೇ ತಪ್ಪಿಸಿಕೊಳ್ಳಬೇಕು, ಅದು ಅವನ ಕಸುಬು. ಎಂಟನೆಯವನೂ ಬಂದರೆ ಒಬ್ಬ ಯಾವಾಗಲೂ ಮುಕ್ತನಾಗಿ ಉಳಿದು ಎರಡು ಗಜದಲ್ಲಿ ಬೀಳಿಸುತ್ತಾನೆ. ಪ್ಯಾಕರ್ಸ್‌ನ ರನ್ನಿಂಗ್ ಬ್ಯಾಕ್ ಎಡ್ಡಿ ಲೇಸಿ 2013ರಲ್ಲಿ 1,178, 2014ರಲ್ಲಿ 1,139 ಗಜ ಓಡಿದ್ದವನು 2015ರಲ್ಲಿ 758ಕ್ಕೆ ಇಳಿದ. ಅವನ ತೂಕದ ಬಗ್ಗೆ ಆ ವರ್ಷ ಬಹಳ ಮಾತಾಡಿದರು. ತೂಕವೂ ಒಂದು ಕಾರಣವಿರಬಹುದು. ಎದುರಿಗೆ ನಿಂತ ಎಂಟನೆಯವನ ಬಗ್ಗೆ ಯಾರೂ ಅಷ್ಟು ಮಾತಾಡಲಿಲ್ಲ ಎಂಬುದು ನನಗೆ ಇಂದಿಗೂ ಬೇಸರ.

ಇನ್ನು ಆಡಮ್ಸ್. ಡೆಟ್ರಾಯಿಟ್ ಪಂದ್ಯದಲ್ಲಿ ಅವನ ಕಡೆಗೆ 21 ಸಲ ಚೆಂಡು ಹೋಯಿತು, ಹತ್ತು ಹಿಡಿದ, 79 ಗಜ. ಇಡೀ ವರ್ಷಕ್ಕೆ 50 ಕ್ಯಾಚ್, 483 ಗಜ, ಒಂದೇ ಒಂದು ಟಚ್‌ಡೌನ್. ಎರಡನೇ ಪಂದ್ಯದಲ್ಲೇ ಪಾದದ ಕೀಲು ಉಳುಕಿ ಮೂರು ಪಂದ್ಯ ಹೊರಗಿದ್ದ, ಬಂದ ಮೇಲೂ ಅದು ಪೂರ್ತಿ ವಾಸಿಯಾಗಿರಲಿಲ್ಲ. ಒಂದು ಹೆಜ್ಜೆ ಊರಿ ದಿಕ್ಕು ಬದಲಿಸುವುದೇ ಜೀವಾಳವಾದ ಆಟಗಾರನಿಗೆ ಕೀಲು ನೋವು ಅಂದರೆ ಬರಹಗಾರನಿಗೆ ಹೆಬ್ಬೆರಳು ನೋವು ಇದ್ದ ಹಾಗೆ. ಅದಕ್ಕಿಂತ ಆಳದ ತೊಂದರೆ ಹೊಂದಾಣಿಕೆಯದ್ದು. ರಾಜರ್ಸ್–ನೆಲ್ಸನ್ ಜೋಡಿಯ ಹೆಸರಾಂತ ಎಸೆತ ಬ್ಯಾಕ್ ಶೋಲ್ಡರ್. ರಿಸೀವರ್ ಅಂಚಿನ ಗುಂಟ ನೇರ ಆಳಕ್ಕೆ ಓಡುತ್ತಾನೆ. ಹದಿನೈದು ಗಜ ದಾಟುವಾಗ ಕಾರ್ನರ್‌ಬ್ಯಾಕ್ ಹಿಂದೆ ಬಿದ್ದಿದ್ದರೆ ಚೆಂಡು ತಲೆಯ ಮೇಲಿಂದ ಮುಂದಕ್ಕೆ ಬರುತ್ತದೆ. ಅವನು ಸಮಕ್ಕೆ ಅಥವಾ ಮುಂದೆ ಇದ್ದರೆ ಚೆಂಡು ರಿಸೀವರ್‌ನ ಹಿಂದಿನ ಭುಜಕ್ಕೆ ಬರುತ್ತದೆ, ಓಡುತ್ತಿರುವವನು ಗಕ್ಕನೆ ನಿಂತು ಮೈ ತಿರುಗಿಸಿ ಹಿಡಿಯಬೇಕು. ಯಾವುದು ಎಂದು ಯಾರೂ ಕೂಗಿ ಹೇಳುವುದಿಲ್ಲ. ಇಬ್ಬರೂ ಅದೇ ಕಾರ್ನರ್‌ಬ್ಯಾಕ್‌ನ ಅದೇ ಸೊಂಟವನ್ನು ನೋಡಿ ಒಂದೇ ಕ್ಷಣಕ್ಕೆ ಒಂದೇ ತೀರ್ಮಾನಕ್ಕೆ ಬರಬೇಕು. ರಿಸೀವರ್ ತಿರುಗುವ ಮೊದಲೇ ಚೆಂಡು ಗಾಳಿಯಲ್ಲಿರುತ್ತದೆ. ನೆಲ್ಸನ್ ತಂಡ ಸೇರಿದ್ದು 2008ರಲ್ಲಿ, ರಾಜರ್ಸ್ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದದ್ದೂ ಅದೇ ವರ್ಷ. ಏಳು ವರ್ಷ ಅಭ್ಯಾಸದಲ್ಲಿ ಸಾವಿರಾರು ಸಲ ಎಸೆದು ಹಿಡಿದು ಬೆಳೆದದ್ದು ಅದು. ಎರಡನೇ ವರ್ಷದ ಹುಡುಗನ ಜತೆ ಅದೇ ಎಸೆತ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು. ರಾಜರ್ಸ್ ಹಿಂದಿನ ಭುಜಕ್ಕೆ ಎಸೆದಾಗ ಆಡಮ್ಸ್ ಇನ್ನೂ ಮುಂದಕ್ಕೆ ಓಡುತ್ತಿದ್ದ.

ರಿಸೀವರ್‌ಗಳಿಗೆ ತಾವಾಗಿ ಬಿಡಿಸಿಕೊಳ್ಳಲು ಆಗದಿದ್ದಾಗ ತರಬೇತುದಾರ ಜಾಗ ಮಾಡಿಕೊಡಬೇಕು. ಉಪಾಯಗಳು ಎಲ್ಲರಿಗೂ ಗೊತ್ತಿರುವವೇ. ಇಬ್ಬರನ್ನು ಒಬ್ಬರ ಹಿಂದೊಬ್ಬರು ನಿಲ್ಲಿಸಿದರೆ ಹಿಂದಿನವನನ್ನು ಪ್ರೆಸ್ ಮಾಡಲು ಎದುರಾಳಿಗೆ ಆಗುವುದಿಲ್ಲ. ಮೂವರನ್ನು ತ್ರಿಕೋನದ ಹಾಗೆ ಗುಂಪಾಗಿ ನಿಲ್ಲಿಸಿದರೆ ಕಾವಲಿನವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಗೆರೆಯಿಂದ ಒಂದು ಗಜದ ಒಳಗೆ ರಿಸೀವರ್ ಎದುರಾಳಿಯನ್ನು ತಡೆಯಬಹುದು, ಅದನ್ನು ದಾಟಿ ತಡೆದರೆ ದಂಡ, ಹಾಗಾಗಿ ಆ ಒಂದು ಗಜದ ಲೆಕ್ಕವನ್ನು ಅಭ್ಯಾಸದಲ್ಲಿ ಪದೇ ಪದೇ ತಿದ್ದುತ್ತಾರೆ. ಸ್ನ್ಯಾಪ್‌ಗೆ ಮುಂಚೆ ಒಬ್ಬನನ್ನು ಅಡ್ಡಕ್ಕೆ ನಡೆಸಿದರೆ, ಅವನ ಹಿಂದೆ ಯಾರಾದರೂ ಹೋದರೆ ಕಾವಲು ಆಳಿಗೆ ಆಳು, ಹೋಗದಿದ್ದರೆ ಜಾಗಕ್ಕೆ ಎಂದು ಕ್ವಾರ್ಟರ್‌ಬ್ಯಾಕ್‌ಗೆ ತಿಳಿಯುತ್ತದೆ. ಪ್ರತಿಯೊಂದಕ್ಕೂ ಬೆಲೆ ಇದೆ. ಗುಂಪಾಗಿ ನಿಂತರೆ ಕಾವಲಿನವರೂ ಗುಂಪಾಗಿ ಒಳಗೆ ಬರುತ್ತಾರೆ, ಓಟಕ್ಕೆ ದಾರಿ ಮುಚ್ಚುತ್ತದೆ. ಅಡ್ಡ ನಡೆಸಲು ಸಮಯ ಬೇಕು, ರಾಜರ್ಸ್‌ಗೆ ಇಷ್ಟವಾದ ಬಿರುಸಿನ ಲಯ ಕೆಡುತ್ತದೆ. ಪ್ಯಾಕರ್ಸ್‌ನ ಹಳೆಯ ಪದ್ಧತಿ, ಮೂವರು ರಿಸೀವರ್‌ಗಳನ್ನು ಅಗಲವಾಗಿ ನಿಲ್ಲಿಸಿ ‘ನಿಮ್ಮ ನಿಮ್ಮ ಎದುರಾಳಿಯನ್ನು ಸೋಲಿಸಿ’ ಎನ್ನುವುದು. ಸೋಲಿಸುವವರು ಇದ್ದಾಗ ಅದಕ್ಕಿಂತ ಚೆಂದದ ಪದ್ಧತಿ ಇಲ್ಲ. ಆ ವರ್ಷ ಅದನ್ನು ಬೇಗ ಬಿಡಬೇಕಿತ್ತು, ಬಿಡಲಿಲ್ಲ.

ಆ ಋತುವಿಗೆ ಮುಖ್ಯ ತರಬೇತುದಾರ ಮೈಕ್ ಮೆಕಾರ್ಥಿ ಆಟ ಆರಿಸುವ ಕೆಲಸವನ್ನು ಟಾಮ್ ಕ್ಲೆಮೆಂಟ್ಸ್‌ಗೆ ಕೊಟ್ಟಿದ್ದ. ಡಿಸೆಂಬರ್‌ನಲ್ಲಿ ಅದನ್ನು ವಾಪಸ್ ತೆಗೆದುಕೊಂಡ. ಮುಂದಿನ ಪಂದ್ಯದಲ್ಲಿ ಡಲ್ಲಸ್ ವಿರುದ್ಧ ಲೇಸಿ 124 ಗಜ ಓಡಿದ, 28-7ರ ಗೆಲುವು. ಓಟವನ್ನೇ ಮುಂದಿಟ್ಟು ಎಂಟನೆಯವನಿಗೂ ಒಬ್ಬನನ್ನು ಎದುರಿಡುವ ಯೋಚನೆ ಸರಿಯಾದದ್ದೇ, ಬಂದದ್ದು ತಡವಾಗಿ. ಆರಕ್ಕೆ ಆರು ಗೆದ್ದಿದ್ದ ತಂಡ 10-6ರಲ್ಲಿ ನಿಂತಿತು, ಕೊನೆಯ ಪಂದ್ಯದಲ್ಲಿ ಮಿನ್ನೆಸೋಟಾಗೆ 20-13ರಲ್ಲಿ ಸೋತು ವಿಭಾಗದ ಪ್ರಶಸ್ತಿಯನ್ನೂ ಬಿಟ್ಟುಕೊಟ್ಟಿತು. ರಾಜರ್ಸ್‌ನ ಸರಾಸರಿ ಪ್ರತಿ ಎಸೆತಕ್ಕೆ 8.4 ಗಜದಿಂದ 6.7ಕ್ಕೆ ಇಳಿದಿತ್ತು.

ಜೆಫ್ ಜಾನಿಸ್ ಎಂಬ ಹುಡುಗನ ಕಥೆ ಇಲ್ಲಿ ಹೇಳಲೇಬೇಕು. ಹೊಸಬರನ್ನು ಆರಿಸುವ ಡ್ರಾಫ್ಟ್‌ನ ಏಳನೇ ಸುತ್ತಿನಲ್ಲಿ ಬಂದವನು, ಎತ್ತರದ, ಅಪಾರ ವೇಗದ ಗನ್ನರ್. ಇಡೀ ಋತುವಿನಲ್ಲಿ ಎರಡೇ ಕ್ಯಾಚ್. ಅಭಿಮಾನಿಗಳು ‘ಅವನನ್ನು ಆಡಿಸಿ’ ಎಂದು ತಿಂಗಳುಗಟ್ಟಲೆ ಕೇಳಿದರು. 2016ರ ಜನವರಿ 16ರಂದು ಅರಿಜೋನಾದಲ್ಲಿ ನಾಕೌಟ್ ಪಂದ್ಯ. ಆಡಮ್ಸ್ ಮೊಣಕಾಲು ನೋವಿನಿಂದ ಹೊರಗೆ. ಕಾಬ್ ಒಂದು ಚೆಂಡಿಗೆ ನೆಗೆದು ಬಿದ್ದು ಶ್ವಾಸಕೋಶಕ್ಕೆ ಪೆಟ್ಟಾಗಿ ಆಸ್ಪತ್ರೆಗೆ ಹೋದ. ಉಳಿದವರಲ್ಲಿ ಜಾನಿಸ್ ಒಬ್ಬ. ಏಳು ಅಂಕ ಹಿಂದಿರುವಾಗ, ಒಂದು ನಿಮಿಷಕ್ಕೂ ಕಡಿಮೆ ಉಳಿದಿರುವಾಗ, ನಾಲ್ಕನೇ ಅಂದರೆ ಕೊನೆಯ ಪ್ರಯತ್ನ, ಚೆಂಡು ಕೈಯಲ್ಲಿ ಉಳಿಯಲು ಇಪ್ಪತ್ತು ಗಜ ಬೇಕು, ನಿಂತದ್ದು ತಮ್ಮದೇ ನಾಲ್ಕು ಗಜದ ಗೆರೆಯಲ್ಲಿ. ರಾಜರ್ಸ್ ಎಸೆದ, ಜಾನಿಸ್ ಹಿಡಿದ, 60 ಗಜ. ನಿಗದಿತ ಸಮಯದ ಕೊನೆಯ ಕ್ಷಣದಲ್ಲಿ ಮತ್ತೆ ಆಕಾಶಕ್ಕೆ ಎಸೆದ ಚೆಂಡು, ಇಬ್ಬರ ನಡುವಿನಿಂದ ಜಾನಿಸ್ ನೆಗೆದು ಹಿಡಿದ, 41 ಗಜ, ಟಚ್‌ಡೌನ್. ಆ ದಿನ ಅವನ ಲೆಕ್ಕ ಏಳು ಕ್ಯಾಚ್, 145 ಗಜ. ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಅರಿಜೋನಾ 26-20ರಲ್ಲಿ ಗೆದ್ದಿತು.

ಹಾಗಾದರೆ ಮೊದಲೇ ಆಡಿಸಬಾರದಿತ್ತೇ? ಆ ಎರಡು ಆಟಗಳನ್ನು ಗಮನವಿಟ್ಟು ನೋಡಿ. ಎರಡರಲ್ಲೂ ಅವನು ಮಾಡಬೇಕಿದ್ದದ್ದು ದೂರ ಓಡುವುದು, ನೆಗೆಯುವುದು. ಕಾರ್ನರ್‌ಬ್ಯಾಕ್‌ನ ಸೊಂಟ ಓದಿ ಹಿಂದಿನ ಭುಜಕ್ಕೆ ತಿರುಗುವುದೋ, ಸೇಫ್ಟಿ ಒಬ್ಬನೋ ಇಬ್ಬರೋ ಎಂದು ಓಡುತ್ತ ಓಡುತ್ತ ದಾರಿ ಬದಲಿಸುವುದೋ ಬೇಕಿರಲಿಲ್ಲ. ಉಳಿದ ಅರವತ್ತು ಆಟಕ್ಕೆ ಬೇಕಾದದ್ದು ಅದು. ಆದರೂ ಒಂದು ಮಾತು. ಪಂದ್ಯಕ್ಕೆ ಹತ್ತು ಸಲ ಅವನನ್ನು ಬರೀ ಆಳಕ್ಕೆ ಓಡಿಸಿದ್ದರೆ, ಚೆಂಡು ಕೊಡದಿದ್ದರೂ ಆ ಸೇಫ್ಟಿ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದ. ಕಾಬ್‌ಗೆ ಅಷ್ಟು ಸಾಕಿತ್ತು.

ನೆಲ್ಸನ್ 2016ರಲ್ಲಿ ಮರಳಿದ. 97 ಕ್ಯಾಚ್, 1,257 ಗಜ, 14 ಟಚ್‌ಡೌನ್, ಅದರಲ್ಲಿ ಲೀಗಿಗೇ ಮೊದಲಿಗ. ಹಳೆಯ ವೇಗ ಪೂರ್ತಿ ಬಂದಿರಲಿಲ್ಲ, ಅದಕ್ಕೇ ಅವನನ್ನು ಮೊದಲಿಗಿಂತ ಹೆಚ್ಚಾಗಿ ಸ್ಲಾಟ್‌ನಲ್ಲಿ ನಿಲ್ಲಿಸಿದರು. ಅದೇ ಆಡಮ್ಸ್ ಆ ವರ್ಷ 75 ಕ್ಯಾಚ್, 997 ಗಜ, 12 ಟಚ್‌ಡೌನ್ ಮಾಡಿದ. ಒಂದರಿಂದ ಹನ್ನೆರಡಕ್ಕೆ! ಕೀಲು ವಾಸಿಯಾಗಿತ್ತು, ಕಣ್ಣು ಪಳಗಿತ್ತು, ಸೇಫ್ಟಿಗೆ ನೋಡಲು ಈಗ ಇಬ್ಬರಿದ್ದರು. ಹಿಂದಿನ ವರ್ಷ ಆಡಮ್ಸ್‌ನನ್ನು ಕೈಬಿಡಿ ಎಂದು ಕೂಗಿದವರು ಬಹಳ ಮಂದಿ. ತಂಡ ಕಿವಿಗೊಡದಿದ್ದದ್ದು ದೊಡ್ಡ ಪುಣ್ಯ.

2017ರ ಜನವರಿ 8ರಂದು ಜೈಂಟ್ಸ್ ವಿರುದ್ಧದ ನಾಕೌಟ್ ಪಂದ್ಯದಲ್ಲಿ ನೆಲ್ಸನ್ ಪಕ್ಕೆಲುಬು ಮುರಿದುಕೊಂಡ. ಮತ್ತೆ ಅದೇ ಖಾಲಿ ಜಾಗ. ಈ ಸಲ ತಂಡದ ಕೈಯಲ್ಲಿ ಬೇರೆಯದೊಂದು ಇತ್ತು. ಹಿಂದಿನ ಮಾರ್ಚ್‌ನಲ್ಲಿ ಜ್ಯಾರೆಡ್ ಕುಕ್ ಎಂಬ ಟೈಟ್ ಎಂಡ್‌ನನ್ನು ತಂದಿದ್ದರು, 6 ಅಡಿ 5 ಅಂಗುಲದವನು, ರಿಸೀವರ್‌ನ ಹಾಗೆ ಓಡುವವನು. 2015ರ ಟೈಟ್ ಎಂಡ್ ರಿಚರ್ಡ್ ರಾಜರ್ಸ್ ನಂಬಿಕೆಯ ಕೈಗಳವನು, ಆ ಡಿಸೆಂಬರ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಸಮಯ ಮುಗಿದ ಮೇಲೆ ರಾಜರ್ಸ್ ಎಸೆದ 61 ಗಜದ ಚೆಂಡು ಹಿಡಿದು ಪಂದ್ಯ ಗೆಲ್ಲಿಸಿದವನು ಅವನೇ, ಆದರೆ ನಡು ಮೈದಾನದಲ್ಲಿ ಅವನ ವೇಗಕ್ಕೆ ಸೇಫ್ಟಿ ಹೆದರುತ್ತಿರಲಿಲ್ಲ. ಕುಕ್‌ಗೆ ಹೆದರುತ್ತಿದ್ದ. ಗಾಯದಿಂದ ಲೇಸಿ ಹೊರಗಾದ ಮೇಲೆ ರಿಸೀವರ್ ಟೈ ಮಾಂಟ್‌ಗೊಮರಿಯನ್ನೇ ರನ್ನಿಂಗ್ ಬ್ಯಾಕ್ ಮಾಡಿದ್ದರು. ಅವನು ಹಿಂದೆ ನಿಂತರೆ ಓಟವೋ ಪಾಸೋ ಎಂದು ಎದುರಾಳಿಗೆ ಸ್ನ್ಯಾಪ್ ಆಗುವ ತನಕ ತಿಳಿಯುತ್ತಿರಲಿಲ್ಲ. ಆಳಕ್ಕೆ ಎಳೆಯುವವನು ಇಲ್ಲದಿದ್ದರೂ ಅನುಮಾನ ಹುಟ್ಟಿಸುವ ಇಬ್ಬರಿದ್ದರು.

ಜನವರಿ 15, ಡಲ್ಲಸ್. 31-31. ಹನ್ನೆರಡು ಸೆಕೆಂಡ್ ಉಳಿದಿದೆ, ಮೂರನೇ ಪ್ರಯತ್ನ, ಇಪ್ಪತ್ತು ಗಜ ಬೇಕು. ರಾಜರ್ಸ್ ಎಡಕ್ಕೆ ಓಡಿದ, ಓಡುತ್ತಲೇ ಅಂಚಿನ ಕಡೆಗೆ ಎಸೆದ. ಕುಕ್ ಮೈಯನ್ನು ಪೂರ್ತಿ ಹೊರಕ್ಕೆ ಚಾಚಿ ಹಿಡಿದ. ಬೀಳುವಾಗ ಎರಡೂ ಕಾಲಿನ ತುದಿಬೆರಳುಗಳನ್ನು ಬಿಳಿ ಗೆರೆಯ ಈಚೆಗೆ ಎಳೆದುಕೊಂಡ. ಅಂಪೈರ್‌ಗಳು ವಿಡಿಯೊ ನೋಡಿದರು: ಗೆರೆಗೂ ಬೂಟಿಗೂ ನಡುವೆ ಹಸಿರು ಕಾಣುತ್ತಿತ್ತು. 35 ಗಜ, ಮೂರು ಸೆಕೆಂಡ್ ಬಾಕಿ. ಮೇಸನ್ ಕ್ರಾಸ್ಬಿ 51 ಗಜದಿಂದ ಒದ್ದ, ಕಂಬಗಳ ನಡುವೆ ಹೋಯಿತು. 34-31.